ಉಳಿದ ಶೇ. 25 ಕಟ್ಟೋರು ಯಾರು?

ಇವತ್ತು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹಳೇ ಟೆರೇಸ್ ಮನೆಗಳ ಕಥೆ. ಟೆರೇಸ್ ಅಂದ್ರೆ ಇಲ್ಲಿ ತಾರಸಿ ಅಲ್ಲ, ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು.

1974ರ ವಸತಿ ಕಾಯ್ದೆಯಡಿ, ತೀರಾ ಹದಗೆಟ್ಟ ಪ್ರದೇಶಗಳಲ್ಲಿ ಸುಧಾರಣೆ ಖರ್ಚಿನ ಶೇ. 75ರಷ್ಟು ಸಹಾಯಧನ ಸಿಗುತ್ತಿತ್ತು. ಕಾಮರ್ಸ್ ಓದಿದ ನನ್ನ ಕಣ್ಣು ಹೋಗೋದು ಉಳಿದ 25ರ ಮೇಲೆ. ಅಷ್ಟನ್ನೂ ಹೊಂದಿಸೋಕಾಗದೆ ಎಷ್ಟೋ ಬಡ ಮಾಲೀಕರು ಹಿಂದೆ ಉಳಿದರು. ಒಬ್ಬರು ರಿಪೇರಿ ಮಾಡಿಸಿ ಪಕ್ಕದವರು ಬಿಟ್ಟರೆ, ಸಾಲಿನ ಸೋರಿಕೆ ನಿಲ್ಲೋದಿಲ್ಲ.

ಅದಕ್ಕೇ 1970ರ ದಶಕದ ಕೊನೆಯಲ್ಲಿ ಅಲ್ಲಿನ ನಗರಾಡಳಿತ ‘ಎನ್ವಲಪಿಂಗ್’ ಶುರು ಮಾಡಿತು. ಇಡೀ ಸಾಲಿನ ಚಾವಣಿ, ಚಿಮಣಿ, ಕಿಟಕಿ, ಹೊರಗೋಡೆ ಎಲ್ಲಾ ಒಟ್ಟಿಗೆ ರಿಪೇರಿ, ಮಾಲೀಕರಿಗೆ ಖರ್ಚಿಲ್ಲ. ಒಳಗಿನ ಕೆಲಸ ಅವರವರದು.

ದುಬಾರಿ, ನಿಜ. ಆದರೆ ಸಬ್ಸಿಡಿ ಎಷ್ಟು ಪರ್ಸೆಂಟ್ ಅಂತ ಕೇಳುವಾಗ, ಮಿಕ್ಕಿದ್ದು ಯಾರ ಜೇಬಿಂದ ಅಂತಲೂ ಕೇಳಿ.