ಪೆನಿಸಿಲಿನ್ ಮರಳಿದ ದಾರಿ

ಕೈಬಿಟ್ಟ ಉದ್ದಿಮೆಯೊಂದು ದೇಶಕ್ಕೆ ಮರಳಲು ಎಷ್ಟು ಕಾಲ ಬೇಕು? ಪೆನಿಸಿಲಿನ್ನನ್ನೇ ನೋಡೋಣ. ಪುಣೆ ಸಮೀಪದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಸರ್ಕಾರಿ ಕಾರ್ಖಾನೆ, ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್, ಅದನ್ನು ತಯಾರಿಸುತ್ತಿತ್ತು. ಮುಂದೆ ಚೀನಾದ ಅಗ್ಗದ ಸರಕು ಬಂದಿತು. ನಮ್ಮ ಹುದುಗುತೊಟ್ಟಿಗಳು ಬರಿದಾದವು. 2020ರಲ್ಲಿ ಕೇಂದ್ರ ಸರ್ಕಾರ ಪ್ರೋತ್ಸಾಹಧನ ಘೋಷಿಸಿತು. ಕಾಕಿನಾಡದ ಹೊಸ ಕಾರ್ಖಾನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಹಣವಿದ್ದೂ ನಾಲ್ಕು ವರ್ಷ! ಶಿಲೀಂಧ್ರಕ್ಕೆ ಸರ್ಕಾರಿ ಆದೇಶ ಅರ್ಥವಾಗದು. ಅದಕ್ಕೆ ಸಕ್ಕರೆ, ಶುದ್ಧ ಗಾಳಿ, ತಡೆಯಿಲ್ಲದ ವಿದ್ಯುತ್ತು, ಪಳಗಿದ ಕೈಗಳು ಬೇಕು.

ಇನ್ನೂ ಬೇಗ ಆಗಲಿ ಎನ್ನುವವರಿದ್ದಾರೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಸಂಸ್ಕರಿಸಿ ಹೊರಬಿಟ್ಟ ಮೇಲೂ ಅದರಲ್ಲಿ ಔಷಧಾಂಶ ಅಪಾರವಾಗಿ ಉಳಿದಿದ್ದುದನ್ನು ವಿಜ್ಞಾನಿಗಳು 2007ರಲ್ಲಿ ದಾಖಲಿಸಿದರು. ಉದ್ದಿಮೆ ಮರಳಲಿ; ತ್ವರೆಯ ಹೆಸರಿನಲ್ಲಿ ನೀರಿನ ಪರೀಕ್ಷೆ ಮಾತ್ರ ಸಡಿಲವಾಗಕೂಡದೆಂಬುದು ನಮ್ಮ ಆಗ್ರಹ.