ಅಸ್ತವ್ಯಸ್ತ ಮನೆ ಮತ್ತು ಮುಚ್ಚಿದ ಬಾಗಿಲು

(ಕುಟುಂಬ ಸಮ್ಮಿಲನವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಶುಚಿತ್ವದ ಮಹತ್ವವನ್ನು ನಮ್ಮ ಮದ್ರಸದ ಪುಟ್ಟ ಮಕ್ಕಳೂ ಬಲ್ಲರು. ಆ ಬಗ್ಗೆ ನಾನಿಂದು ಮಾತನಾಡುವುದಿಲ್ಲ. ಮನೆ ಅಸ್ತವ್ಯಸ್ತವಾಗಿದೆಯೆಂಬ ನಾಚಿಕೆಯಿಂದ ನೆರವಿನ ಮುಂದೆ ಬಾಗಿಲು ಮುಚ್ಚಿಕೊಳ್ಳುವವರ ಕುರಿತು ಹೇಳಬಯಸುತ್ತೇನೆ.

ಬಾಣಂತಿಯೊಬ್ಬಳನ್ನು ಊಹಿಸಿಕೊಳ್ಳಿ. ತವರಿನಿಂದ ಬಂದು ನಿಲ್ಲುವವರಿಲ್ಲ, ಪತಿ ದುಡಿಮೆಗೆ ಹೋಗಿದ್ದಾನೆ. ಹಿತ್ತಿಲಲ್ಲಿ ಒಗೆಯದ ಬಟ್ಟೆ, ಅಡುಗೆಮನೆಯಲ್ಲಿ ನಿನ್ನೆಯ ಪಾತ್ರೆ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟುತ್ತಾಳೆ. ಈಕೆ ಬಾಗಿಲನ್ನು ಅರ್ಧ ತೆರೆದು, 'ಮಗು ಮಲಗಿದೆ, ನಾಳೆ ಬನ್ನಿ' ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಭೇಟಿ ನೀಡಬೇಕೆಂಬುದು ಸರಕಾರದ ವ್ಯವಸ್ಥೆ. ಮಗುವಿನ ತೂಕ, ಮೈ ಬಿಸಿ, ಹಾಲು ಕುಡಿಯುವ ಬಗೆ, ತಾಯಿಯ ರಕ್ತಸ್ರಾವ, ಜ್ವರ ಇವುಗಳನ್ನು ನೋಡಲು ಆಕೆ ಬರುವುದೇ ಹೊರತು ನಮ್ಮ ಪಾತ್ರೆಗಳನ್ನು ನೋಡಲಿಕ್ಕಲ್ಲ. ಹಾಗೆ ಮರಳಿದ ಒಂದು ಭೇಟಿಯಲ್ಲಿ ಯಾವ ಅಪಾಯ ಗಮನಕ್ಕೆ ಬಾರದೆ ಹೋಯಿತೆಂದು ಹೇಳುವವರಾರು?

ಇನ್ನೊಂದು ಗಂಭೀರ ವಿಷಯವಿದೆ. ಹೆರಿಗೆಯ ನಂತರ ಕೆಲವರನ್ನು ಖಿನ್ನತೆ ಆವರಿಸುತ್ತದೆ. ಎದ್ದು ಪೊರಕೆ ಹಿಡಿಯುವುದೂ ಬೆಟ್ಟದಷ್ಟು ಭಾರವೆನಿಸುತ್ತದೆ. ಮನೆಯವರು ಅದಕ್ಕೆ ಸೋಮಾರಿತನವೆಂಬ ಹೆಸರಿಡುತ್ತಾರೆ, ಅವಳೂ ಅದನ್ನೇ ನಂಬುತ್ತಾಳೆ. ಇದು ರೋಗ, ಇದಕ್ಕೆ ಚಿಕಿತ್ಸೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ.

ಈ ನಾಚಿಕೆ ಹೆಣ್ಣಿನ ಪಾಲಿಗೆ ಮಾತ್ರ ಏಕೆ ಬಂತು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅದೇ ಕೆಲಸ ಮಾಡುವ ಪುರುಷರು 88 ನಿಮಿಷ. ಏನೂ ಮಾಡದವರು ಈ ಸರಾಸರಿಯೊಳಗೆ ಬರುವುದೇ ಇಲ್ಲ! ಮನೆಯೊಳಗೆ ಪ್ರವಾದಿ(ಸ) ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ ವರದಿ ಬುಖಾರಿಯಲ್ಲಿದೆ. ವೇದಿಕೆಯಲ್ಲಿ ಇದನ್ನು ಉದ್ಧರಿಸುವ ಪುರುಷರು ಊಟದ ತಟ್ಟೆಯನ್ನಾದರೂ ತಾವೇ ತೊಳೆಯಲಿ.

ನೆರವು ಪಡೆಯುವುದು ಕೀಳೆಂಬ ಭಾವನೆಗೂ ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ. ಮುಅತಾ ಯುದ್ಧದಲ್ಲಿ ಹ. ಜಅಫರ್(ರ) ಹುತಾತ್ಮರಾದಾಗ, ಆ ಮನೆಯವರು ದುಃಖದಲ್ಲಿರುವುದರಿಂದ ಅವರಿಗೆ ಆಹಾರ ಸಿದ್ಧಪಡಿಸಿರೆಂದು ಪ್ರವಾದಿ(ಸ) ಸೂಚಿಸಿದರು. ಆ ಮನೆಯವರು ಬೇಡುವ ತನಕ ಕಾಯಲಿಲ್ಲ. (ನಾವಾದರೋ ಸಾವಿನ ಮನೆಯವರಿಂದಲೇ ಊಟ ನಿರೀಕ್ಷಿಸುತ್ತೇವೆ. ಅದು ಬೇರೆಯೇ ಭಾಷಣದ ವಿಷಯ.)

ಆದ್ದರಿಂದ ನೆರೆಮನೆಯವರಿಗೆ 'ಏನಾದರೂ ಬೇಕಿದ್ದರೆ ಹೇಳಿ' ಎಂದು ಬಾಯುಪಚಾರ ಮಾಡಬೇಡಿ. ಸಂಕೋಚವಿರುವವರು ಎಂದೂ ಹೇಳಲಾರರು. 'ನಾಳೆ ಹತ್ತು ಗಂಟೆಗೆ ಬರುತ್ತೇನೆ, ಬಟ್ಟೆ ಒಗೆದುಕೊಡುತ್ತೇನೆ' ಎನ್ನಿ. ಹೋದಲ್ಲಿ ಕಂಡದ್ದನ್ನು ಮದುವೆಮನೆಯಲ್ಲಿ ವರ್ಣಿಸಬೇಡಿ. ಒಮ್ಮೆ ನಾಲಗೆ ಜಾರಿದರೆ ಆ ಬಾಗಿಲು ಮತ್ತೆಂದೂ ತೆರೆಯದು. ನೆರವು ಪಡೆಯುವ ಸಹೋದರಿಯರೇ, ಅವರು ಬರುವ ಮುಂಚೆ ಎದ್ದು ಗುಡಿಸಬೇಡಿ. ಬಟ್ಟೆಯನ್ನು ನಿಮ್ಮಂತೆ ಮಡಚದಿದ್ದರೆ ಹಾಗೆಯೇ ಇರಲಿ.

ಇಲ್ಲಿರುವ ಪುರುಷರಲ್ಲಿ ಒಂದು ಪ್ರಶ್ನೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಹೆಸರು, ದೂರವಾಣಿ ಸಂಖ್ಯೆ ನಿಮಗೆ ಗೊತ್ತಿದೆಯೇ? ಇಲ್ಲದಿದ್ದರೆ ಇಂದು ಮನೆಗೆ ಹೋಗುವ ದಾರಿಯಲ್ಲೇ ವಿಚಾರಿಸಿ ಬರೆದುಕೊಳ್ಳಿ.