ಓದುವವಳ ಕಿಟಕಿ



ಇವತ್ತು ನಾನು ಹೇಳಹೊರಟಿರುವುದು ಒಂದು ಪುಟ್ಟ ಚಿತ್ರದ ವಿಷಯ. ರೇಡಿಯೋದಲ್ಲಿ ಚಿತ್ರದ ಬಗ್ಗೆ ಮಾತೇ ಎಂದು ನಗಬೇಡಿ. ಎದುರಿಗಿರುವ ವಸ್ತುಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಸಾಕು, ಈ ಚಿತ್ರ ತಾನಾಗಿ ಕಟ್ಟಿಕೊಳ್ಳುತ್ತದೆ.

ಆಸ್ಟ್ರಿಯಾದ ವಿಯೆನ್ನಾ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಪ್ರಾರ್ಥನಾ ಪುಸ್ತಕವಿದೆ. ಅದನ್ನು ಬರ್ಗಂಡಿಯ ಮೇರಿಯ ಪ್ರಾರ್ಥನಾ ಪುಸ್ತಕ ಎನ್ನುತ್ತಾರೆ. ಸುಮಾರು 1477ರ ಹೊತ್ತಿಗೆ, ಇಂದಿನ ಬೆಲ್ಜಿಯಂಗೆ ಸೇರಿದ ಫ್ಲಾಂಡರ್ಸ್ ಸೀಮೆಯಲ್ಲಿ ತಯಾರಾದದ್ದು. ಪುಟದ ಎತ್ತರ ಹೆಚ್ಚೂಕಡಿಮೆ ಒಂದು ಗೇಣು. ಅದರ ಹದಿನಾಲ್ಕನೆಯ ಹಾಳೆಯ ಹಿಂಬದಿಯಲ್ಲಿದೆ ನಮ್ಮ ಚಿತ್ರ.

ತೆರೆದ ಕಿಟಕಿಯ ಪಕ್ಕದಲ್ಲಿ ಒಬ್ಬ ಸಿರಿವಂತ ಹೆಣ್ಣು ಕುಳಿತಿದ್ದಾಳೆ. ತಲೆಯ ಮೇಲೆ ಆ ಕಾಲದ ಶಂಕುವಿನಾಕಾರದ ಎತ್ತರದ ಟೋಪಿ, ಅದರಿಂದ ಇಳಿಬಿದ್ದ ತೆಳು ಮುಸುಕು. ಮಡಿಲಲ್ಲಿ ಒಂದು ಪುಟಾಣಿ ನಾಯಿ. ಕೈಯಲ್ಲಿ ಹಸಿರು ಬಟ್ಟೆಯಲ್ಲಿ ಹಿಡಿದ ಪ್ರಾರ್ಥನಾ ಪುಸ್ತಕ. ಕಣ್ಣು ಪುಟದ ಮೇಲಿದೆ. ಪಕ್ಕದ ಕಿಟಕಿಕಟ್ಟೆಯ ಮೇಲೆ ಗಾಜಿನ ಹೂದಾನಿ, ಅದರಲ್ಲಿ ನೀಲಿ ಐರಿಸ್ ಹೂಗಳು. ಕೆಳಗೆ ಕೆಂಪು ಕಾರ್ನೇಷನ್, ಕಳಚಿಟ್ಟ ಆಭರಣ. ಹೂದಾನಿಯ ನೀರಿನಲ್ಲಿ ಬೆಳಕು ಮುರಿದು ಬೀಳುವುದನ್ನೂ ಕಲಾವಿದ ಬಿಟ್ಟಿಲ್ಲ.

ಇಷ್ಟಾದ ಮೇಲೆ ಕಿಟಕಿಯಾಚೆ ನೋಡಿದರೆ ಅಲ್ಲಿ ಬೀದಿಯೂ ಇಲ್ಲ, ತೋಟವೂ ಇಲ್ಲ. ನೇರ ಒಂದು ಗಾಥಿಕ್ ಚರ್ಚಿನ ಗರ್ಭಭಾಗ! ಎತ್ತರದ ಕಂಬಗಳು, ಮೇಲೆ ಕಮಾನಿನ ಚಾವಣಿ, ಬಲಿಪೀಠದ ಮುಂದೆ ಹಾಸಿನ ಮೇಲೆ ಮಗುವನ್ನು ಹಿಡಿದು ಕುಳಿತ ಮಾತೆ ಮೇರಿ. ಹಾಸಿನ ಮೂಲೆಗಳಲ್ಲಿ ದೀಪದ ಕಂಬ ಹಿಡಿದ ದೇವದೂತರು. ಎಡಗಡೆ ಮೊಣಕಾಲೂರಿದ ರಾಜಮನೆತನದ ಹೆಣ್ಣು, ಹಿಂದೆ ಅವಳ ಸಖಿಯರು. ಮನೆಯ ಕಿಟಕಿ ಚರ್ಚಿನ ಒಳಕ್ಕೆ ತೆರೆದುಕೊಳ್ಳುವುದು ಹೇಗೆ? ಕಿಟಕಿಯಾಚೆ ಕಾಣುತ್ತಿರುವುದು ಅವಳು ಓದುತ್ತಿರುವ ಪ್ರಾರ್ಥನೆಯೇ. ಅವಳು ತಲೆ ಎತ್ತಿ ನೋಡುತ್ತಿಲ್ಲ. ಓದುತ್ತಿದ್ದಾಳೆ, ಓದಿದ್ದು ನಮಗೆ ಕಾಣುತ್ತಿದೆ.

ಇಲ್ಲಿ ಒಂದು ಅಳತೆಯ ಮಾತಿದೆ. ಅದಕ್ಕೂ ಹಿಂದಿನ ಶತಮಾನಗಳ ಯುರೋಪಿನ ಧಾರ್ಮಿಕ ಚಿತ್ರಗಳಲ್ಲಿ ಯಾರು ಹೆಚ್ಚು ಪವಿತ್ರರೋ ಅವರ ಆಕಾರ ದೊಡ್ಡದು. ಬರೆಸಿದ ಭಕ್ತರು ಕಾಲಬುಡದಲ್ಲಿ ಕುಬ್ಜರಾಗಿ ಮುದುಡಿರುತ್ತಿದ್ದುದೇ ಹೆಚ್ಚು. ಈ ಪುಟದಲ್ಲಿ ಲೆಕ್ಕ ತಲೆಕೆಳಗಾಗಿದೆ. ಓದುವವಳು ದೊಡ್ಡವಳು, ಮಾತೆ ಮೇರಿ ಚಿಕ್ಕವಳು. ಕಟ್ಟೆಯ ಮೇಲಿನ ಹೂವೇ ದೇವದೂತನಷ್ಟಿದೆ. ಇದು ಉದ್ಧಟತನವಲ್ಲ. ಕಣ್ಣಿಗೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ನಿಯಮವನ್ನು ಕಲಾವಿದ ದೇವರಿಗೂ ಅನ್ವಯಿಸಿದ್ದಾನೆ. ಅದರಿಂದ ಮೇರಿಯ ಮಹಿಮೆ ಕುಂದುವುದಿಲ್ಲ; ಅವಳನ್ನು ತಲುಪಲು ಓದುವವಳು ಎಷ್ಟು ದೂರ ನಡೆಯಬೇಕು ಎಂಬುದು ಮೊದಲ ಸಲ ಕಣ್ಣಿಗೆ ಕಾಣುತ್ತದೆ.

ಇಂಥ ಪುಸ್ತಕಗಳು ಪಾದ್ರಿಗಳಿಗಾಗಿ ಹುಟ್ಟಿದವಲ್ಲ, ಸಂಸಾರಸ್ಥರಿಗಾಗಿ. ಮಠಗಳಲ್ಲಿ ಸನ್ಯಾಸಿಗಳು ದಿನವನ್ನು ಎಂಟು ಜಾವದ ಪ್ರಾರ್ಥನೆಗಳಾಗಿ ಹಂಚಿಕೊಂಡಿದ್ದರು. ಮನೆಯಲ್ಲಿದ್ದವರೂ ಅದನ್ನೇ ಚಿಕ್ಕದಾಗಿ ಪಾಲಿಸಲೆಂದು ಬಂದದ್ದು ಈ ಪುಸ್ತಕ. ಮೊದಲಿಗೆ ಸಂತರ ಹಬ್ಬಗಳ ಪಂಚಾಂಗ, ಆಮೇಲೆ ಮೇರಿಯ ಜಾವಪ್ರಾರ್ಥನೆಗಳು, ಪಶ್ಚಾತ್ತಾಪದ ಏಳು ಕೀರ್ತನೆಗಳು, ಸತ್ತವರಿಗಾಗಿ ಮಾಡುವ ಪ್ರಾರ್ಥನೆ. ನಮ್ಮ ಮನೆಗಳ ದೇವರ ಗೂಡಿನಲ್ಲಿ ಸ್ತೋತ್ರದ ಪುಸ್ತಕ ಇರುವಂತೆ ಅಲ್ಲಿ ಇದು. ಒಡೆಯರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಹೆಂಗಸೊಬ್ಬಳು ಒಂಟಿಯಾಗಿ ಕುಳಿತು ಓದುವುದು ಚಿತ್ರಕ್ಕೆ ವಸ್ತುವಾದದ್ದರ ಹಿಂದೆ ಈ ಬದುಕಿದೆ.

ಯಾರ ಹೆಸರಿನಲ್ಲಿ ಪುಸ್ತಕ ಪ್ರಸಿದ್ಧವಾಯಿತೋ ಆ ಮೇರಿ, ಬರ್ಗಂಡಿಯ ಡ್ಯೂಕ್ ಚಾರ್ಲ್ಸನ ಒಬ್ಬಳೇ ಮಗಳು. 1477ರ ಜನವರಿಯಲ್ಲಿ ನಾನ್ಸಿ ಎಂಬಲ್ಲಿ ಅಪ್ಪ ಯುದ್ಧದಲ್ಲಿ ಸತ್ತಾಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ಅದೇ ಆಗಸ್ಟಿನಲ್ಲಿ ಗೆಂಟ್ ನಗರದಲ್ಲಿ ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್ ಜೊತೆ ಮದುವೆ. 1482ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು, ಇಪ್ಪತ್ತೈದನೆಯ ವಯಸ್ಸಿಗೇ ತೀರಿಕೊಂಡಳು. ಅವಳ ಸಮಾಧಿ ಇಂದಿಗೂ ಬ್ರೂಜ್ ನಗರದ ಮಾತೆ ಮೇರಿಯ ಚರ್ಚಿನಲ್ಲಿದೆ. ಪುಸ್ತಕದ ಆರಂಭದ ಪುಟಗಳಲ್ಲಿ ಕಪ್ಪು ನೆಲದ ಮೇಲೆ ಚಿನ್ನ ಬೆಳ್ಳಿಯ ಅಕ್ಷರಗಳಿವೆ. ಅಪ್ಪನ ಸಾವಿನ ಸೂತಕಕ್ಕೂ ಆ ಕಪ್ಪಿಗೂ ನಂಟು ಹಚ್ಚುವ ವಿದ್ವಾಂಸರಿದ್ದಾರೆ. ಓದುತ್ತಿರುವವಳು ಮೇರಿಯೇ ಎಂದು ಕೆಲವರು, ಅವಳ ಮಲತಾಯಿ ಯಾರ್ಕ್‌ನ ಮಾರ್ಗರೆಟ್ ಎಂದು ಇನ್ನು ಕೆಲವರು.

ಇನ್ನು ಕೆಲಸದ ರೀತಿಗೆ ಬರೋಣ. ಹಾಳೆ ಎಂದರೆ ಕಾಗದವಲ್ಲ, ಕರುವಿನ ಚರ್ಮ. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಬಾಗಿದ ಕತ್ತಿಯಿಂದ ಹೆರೆದು ನುಣುಪು ಮಾಡುತ್ತಿದ್ದರು. ಬರೆಯುವವನು ಗೆರೆ ಎಳೆದುಕೊಂಡು, ಹೆಬ್ಬಾತಿನ ಗರಿಯಿಂದ ಅಕ್ಷರ ಮುಗಿಸುತ್ತಿದ್ದ. ಈ ಪುಸ್ತಕದ ಬರಹ ನಿಕೊಲಾಸ್ ಸ್ಪೀರಿಂಕ್ ಎಂಬವನದು ಎನ್ನುತ್ತಾರೆ. ಚಿತ್ರದ ಹಾಳೆಗಳನ್ನು ಎಷ್ಟೋ ಸಲ ಬೇರೆಯಾಗಿ ಬರೆಸಿ, ಕಟ್ಟುವಾಗ ಒಳಗೆ ಸೇರಿಸುವುದೂ ಇತ್ತು. ಅಪ್ಪಟ ನೀಲಿಗೆ ಬೇಕಾದ ಲ್ಯಾಪಿಸ್ ಕಲ್ಲು ಬರುತ್ತಿದ್ದದ್ದು ಇಂದಿನ ಆಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳಿಂದ. ಅಷ್ಟು ದೂರದಿಂದ ಬಂದ ಬಣ್ಣವನ್ನು ಚಿಟಿಕೆ ಲೆಕ್ಕದಲ್ಲಿ ಬಳಸುತ್ತಿದ್ದರು. ಚಿನ್ನದ ಪುಡಿಯನ್ನು ಗೋಂದಿನಲ್ಲಿ ಕಲಸಿ ಚಿಪ್ಪಿನಲ್ಲಿಟ್ಟುಕೊಂಡು, ಕೂದಲೆಳೆಯಂಥ ಕುಂಚದಿಂದ ಚುಕ್ಕಿ ಚುಕ್ಕಿಯಾಗಿ ಹಚ್ಚುತ್ತಿದ್ದರು. ಬಟ್ಟೆಯ ಮಡಿಕೆಯ ಮೇಲೆ ಬೆಳಕು ಹರಿದಂತೆ ಕಾಣುವುದು ಆ ಚುಕ್ಕಿಗಳಿಂದಲೇ.

ಸೋಜಿಗವೆಂದರೆ, ಈ ಕಸುಬು ತನ್ನ ತುದಿ ಮುಟ್ಟಿದ್ದು ಅಚ್ಚಿನ ಯಂತ್ರ ಬಂದ ಮೇಲೆ. ಇಂಗ್ಲಿಷ್ ಭಾಷೆಯ ಮೊದಲ ಅಚ್ಚಿನ ಪುಸ್ತಕವನ್ನು ವಿಲಿಯಂ ಕ್ಯಾಕ್ಸ್‌ಟನ್ ಹೊರತಂದದ್ದು ಇದೇ ಫ್ಲಾಂಡರ್ಸ್ ನೆಲದಲ್ಲಿ, ಸುಮಾರು 1473ರಲ್ಲಿ; ಅವನಿಗೆ ಆಶ್ರಯ ಕೊಟ್ಟವಳು ಈಗ ಹೇಳಿದ ಮಾರ್ಗರೆಟ್. ಒಂದೇ ಅರಮನೆ ಅಚ್ಚನ್ನೂ ಪೋಷಿಸಿತು, ಕೈಬರಹವನ್ನೂ ಪೋಷಿಸಿತು. ಒಂದೇ ಪಠ್ಯದ ನೂರಾರು ಪ್ರತಿಗಳು ಅಗ್ಗಕ್ಕೆ ಬರತೊಡಗಿದಾಗ ಕೈಬರಹದ ಪುಸ್ತಕ ಅಚ್ಚಿಗೆ ಅಸಾಧ್ಯವಾದುದನ್ನು ಹುಡುಕಿಕೊಂಡಿತು: ಈ ಒಬ್ಬ ಓದುವವಳಿಗೆ, ಈ ಒಂದು ಕಿಟಕಿ.

ಅದೇ ಪುಸ್ತಕದ ನಲವತ್ತಮೂರನೆಯ ಹಾಳೆಯಲ್ಲಿ ಇನ್ನೊಂದು ಕಿಟಕಿ ಇದೆ. ಕೆತ್ತನೆಯ ಕಲ್ಲಿನ ಚೌಕಟ್ಟು. ಕಟ್ಟೆಯ ಮೇಲೆ ಜರಿಯ ದಿಂಬು, ಒಡವೆಯ ಪೆಟ್ಟಿಗೆ, ಜಪಮಾಲೆ, ತೆರೆದಿಟ್ಟ ಪುಸ್ತಕ. ಆಚೆ ಬಯಲಿನಲ್ಲಿ ಏಸುವನ್ನು ಶಿಲುಬೆಗೆ ಮೊಳೆ ಹೊಡೆಯುತ್ತಿದ್ದಾರೆ, ಸುತ್ತ ಜನಜಂಗುಳಿ. ಆದರೆ ಕಿಟಕಿಯ ಬಳಿ ಯಾರೂ ಇಲ್ಲ. ಓದುವವಳ ಜಾಗ ಖಾಲಿ. ಮೊದಲ ಚಿತ್ರದಲ್ಲಿ ಅವಳು ಓದುವುದನ್ನು ನಾವು ನೋಡಿದೆವು. ಇಲ್ಲಿ ಪುಸ್ತಕ ಕೈಯಲ್ಲಿ ಹಿಡಿದವರೇ ಆ ದಿಂಬಿನ ಹಿಂದೆ ಬಂದು ಕೂರಬೇಕು. ಒಂದೂ ಮಾತಾಡದೆ ಕಲಾವಿದ ಓದುಗರನ್ನು ಕೈಹಿಡಿದು ಚಿತ್ರದೊಳಕ್ಕೆ ಕರೆದುಕೊಂಡ ರೀತಿ ಇದು.

ಈ ಕಣ್ಕಟ್ಟಿನ ವಿದ್ಯೆ ಗೆಂಟ್, ಬ್ರೂಜ್ ನಗರಗಳ ಕುಂಚಗಾರರಿಗೆ ಆಮೇಲೆ ಕುಲವಿದ್ಯೆಯಂತಾಯಿತು. ಪುಟದ ಅಂಚಿನಲ್ಲಿ ಹಳದಿ ಹೊನ್ನಿನ ನೆಲ. ಅದರ ಮೇಲೆ ಈಗ ತಾನೇ ಉದುರಿದಂತೆ ಹೂ, ಕುಳಿತಂತೆ ನೊಣ, ಚಿಟ್ಟೆ. ಒಂದೊಂದಕ್ಕೂ ಪುಟ್ಟ ನೆರಳು. ಆ ನೆರಳನ್ನು ಕಂಡು ನೊಣ ಓಡಿಸಲು ಕೈ ಎತ್ತುವಷ್ಟು ಮೋಸ. ಈ ಪರಂಪರೆಯ ಕೊನೆಯ ದೊಡ್ಡ ಹೆಸರು ಬ್ರೂಜ್‌ನ ಸೈಮನ್ ಬೆನಿಂಗ್. 1558ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಅವನು ತನ್ನದೇ ಪುಟಾಣಿ ಚಿತ್ರ ಬರೆದುಕೊಂಡ: ಕಿಟಕಿಯ ಬೆಳಕಿಗೆ ಕುಳಿತ ಮುದುಕ, ಕೈಯಲ್ಲಿ ಕನ್ನಡಕ, ಮುಂದಿನ ಮೇಜಿನ ಮೇಲೆ ಮೇರಿ ಮತ್ತು ಮಗುವಿನ ಚಿತ್ರ. ಅವನ ಮಗಳು ಲೆವಿನಾ ಟೀರ್ಲಿಂಕ್ ಅದೇ ಕಸುಬು ಹಿಡಿದು ಇಂಗ್ಲೆಂಡಿನ ಅರಮನೆಯಲ್ಲಿ ಚಿತ್ರಕಾರ್ತಿಯಾದಳು.

ಮೊದಲ ಕಿಟಕಿ ಬರೆದವನಿಗೆ ಮಾತ್ರ ಹೆಸರಿಲ್ಲ. ವಿದ್ವಾಂಸರು ಅವನನ್ನು ‘ಬರ್ಗಂಡಿಯ ಮೇರಿಯ ಕಲಾವಿದ’ ಎಂದು ಕರೆಯುತ್ತಾರೆ. ಬರೆದವನಿಗೆ ಓದಿದವಳ ಹೆಸರೇ ಗತಿಯಾಯಿತು. ಅವನ ಮಟ್ಟಿಗೆ ಇದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಭಕ್ತಿಯ ಚಿತ್ರ ಬರೆದವರು ಬೇಕಾದಷ್ಟು ಜನ. ಭಕ್ತಿಗೆ ಕುಳಿತವರ ಮನೆ, ನಾಯಿ, ಹೂ, ಒಡವೆ ಇವೆಲ್ಲವನ್ನೂ ಬಲಿಪೀಠಕ್ಕೆ ಕೊಟ್ಟಷ್ಟೇ ಶ್ರದ್ಧೆಯಿಂದ ಬರೆದವರು ವಿರಳ. ಓದುವವಳಿಗೆ ಅವನು ಕೊಟ್ಟ ಗೌರವ ಅದು. ಆದ್ದರಿಂದ ಈ ಚಿತ್ರ ನಿಮಗೆ ಎಲ್ಲಾದರೂ ಸಿಕ್ಕರೆ, ಅವಸರಪಟ್ಟು ಆಚೆಯ ಚರ್ಚಿಗೆ ಹೋಗಬೇಡಿ. ಮೊದಲು ಕಿಟಕಿಕಟ್ಟೆಯ ಮೇಲಿನ ಸಾಮಾನುಗಳನ್ನು ನೋಡಿ ಮುಗಿಸಿ. ಒಳಗೆ ಹೋಗುವ ದಾರಿಯನ್ನು ಅವನು ಅಲ್ಲಿಂದಲೇ ಹಾಕಿದ್ದಾನೆ.